ಒಲೆ ಪಕ್ಕದ ಜಾಗ

ಈಶಾನ್ಯದ ಬೆಟ್ಟಗಳ ನಡುವಿನ ಮಾವ್‌ಫ್ಲಾಂಗ್ ರಸ್ತೆಯ ಲಾರಿಹುನ್‌ಳ ಚಹಾದಂಗಡಿಯಲ್ಲಿ ಗಿರಾಕಿಗಳು ಕೂರುವುದು ಹೊರಗಿನ ಬೆಂಚಿನ ಮೇಲೆ. ಒಳಗೆ, ಒಲೆಯ ಪಕ್ಕ ಕೂರುವ ಗಂಡಸು ಒಬ್ಬನೇ, ಬಿದಿರು ಹೆಣೆಯುವ ಶಾನ್‌ಬೊರ್. ಅವಳು ವಿಧವೆ, ಇವನು ಮದುವೆಯಾಗದವನು. ಆದರೂ ಊರಿನ ನಾಲಿಗೆ ಅಲ್ಲಾಡಿರಲಿಲ್ಲ. ಅವರು ಅಣ್ಣ ತಂಗಿ.

ಒಡಹುಟ್ಟಿದವರೇನಲ್ಲ. ಅವಳ ಕುಲ ಬೇರೆ, ಇವನದು ಬೇರೆ. ಆದರೆ ಯಾವುದೋ ಓಬೀರಾಯನ ಕಾಲದಲ್ಲಿ ಅವಳ ಕುಲದ ಅನಾಥ ಹುಡುಗಿಯೊಬ್ಬಳನ್ನು ಇವನ ಕುಲದ ಅಜ್ಜಿ ಮಡಿಲಿಗೆ ಹಾಕಿಕೊಂಡಳಂತೆ. ಅಂದಿನಿಂದ ಎರಡೂ ಕುಲ ಒಂದೇ. ಅವುಗಳ ನಡುವೆ ಮದುವೆಯೆಂದರೆ ನಮ್ಮಲ್ಲಿ ಕೊಲೆಗಿಂತ ದೊಡ್ಡ ಪಾಪ. ಸಿಡಿಲು ಬಡಿಯುತ್ತದೆ, ಹುಲಿ ಹೊತ್ತೊಯ್ಯುತ್ತದೆ. ಹುಲಿಗಳು ಮುಗಿದು ಎಷ್ಟೋ ಕಾಲವಾದರೂ ಪಾಪ ಮುಗಿದಿರಲಿಲ್ಲ.

ಹರೆಯದಲ್ಲಿ ಇದು ತಿಳಿಯದೆ ಇಬ್ಬರೂ ಒಲಿದಿದ್ದರು. ವಿಷಯ ಕೇಳಿ ಇವನ ಸೋದರಮಾವ ಹೌಹಾರಿದ. ಶಾನ್‌ಬೊರ್ ಪಾದ್ರಿಯ ಬಳಿಗೆ ಓಡಿದ.

"ಬೈಬಲ್ಲಲ್ಲಿ ಅಡ್ಡಿಯೇನಿಲ್ಲಪ್ಪ," ಪಾದ್ರಿ ದನಿ ತಗ್ಗಿಸಿದರು. "ಆದ್ರೆ ನಾನು ಮದುವೆ ಮಾಡಿಸಿದ್ರೆ ನಮ್ಮಮ್ಮ ನನ್ನನ್ನ ಮನೆಯೊಳಕ್ಕೆ ಸೇರಿಸಲ್ಲ."

ದಕ್ಷಿಣದಿಂದ ಬಂದ ಲಾರಿ ಡ್ರೈವರೊಬ್ಬ ಕೇಳಿ ನಕ್ಕ. "ಇದೂ ಒಂದು ಪಾಪವೇನಯ್ಯಾ? ನಮ್ ಕಡೆ ಅಕ್ಕನ ಮಗಳನ್ನೇ ಕಟ್ಕೋತೀವಿ!"

"ಅಕ್ಕನ ಮಗಳನ್ನಾ? ಥೂ!" ಎಂದು ಶಾನ್‌ಬೊರ್ ಬಾಯಲ್ಲಿದ್ದ ಅಡಿಕೆ ಉಗಿದ. ಮರುದಿನ ಮಾವನ ಮುಂದೆ ಲಾರಿಹುನ್‌ಳನ್ನು ತಂಗಿ ಎಂದು ಕರೆದು ಬಂದ.

ಅವಳು ಬೇರೊಬ್ಬನನ್ನು ಕಟ್ಟಿಕೊಂಡು ವಿಧವೆಯಾದಳು, ವರ್ಷಗಳು ಉರುಳಿದವು. ಹೋದ ವಾರ ಎರಡೂ ಕುಲದವರ ಸಭೆ ಸೇರಿತು. ಓದಿದ ಹುಡುಗರು ಹಳೆಯ ಕಟ್ಟು ಬಿಚ್ಚಬೇಕೆಂದರು. ಊಟ ಮುಗಿಸಿ ಎಲ್ಲರೂ ಕೈ ಎತ್ತಿದರು. ತಲೆತಲಾಂತರದ ಪಾಪ, ತಿಂದ ಹಂದಿಮಾಂಸ ಅರಗುವ ಮೊದಲೇ ಕರಗಿಹೋಯಿತು. ಎಲ್ಲರಿಗಿಂತ ಮೊದಲು ಎದ್ದ ಕೈ ಶಾನ್‌ಬೊರ್‌ನದು. ಕಂಕುಳಲ್ಲಿ ಅಂಗಿ ಹರಿದಿದ್ದೂ ಅವನಿಗೆ ನೆನಪಿರಲಿಲ್ಲ.

ಅಲ್ಲಿಂದ ನೇರವಾಗಿ ಅಂಗಡಿಗೆ ಬಂದವನು ಒಲೆಯ ಪಕ್ಕ ಕೂತು ಸುದ್ದಿ ಹೇಳಿದ. ಲಾರಿಹುನ್ ಚಹಾ ಸೋಸುವುದನ್ನು ನಿಲ್ಲಿಸಿದಳು.

"ನಿಜವಾಗ್ಲೂ ಹೋಯ್ತಾ?"

"ಹೋಯ್ತು. ಇನ್ನು ನಾನು ನಿಂಗೆ ಅಣ್ಣ ಅಲ್ಲ."

"ಹಾಗಾದ್ರೆ ಏಳು ಮೇಲೆ."

"ಯಾಕೆ?"

"ಯಾಕೆ ಅಂತೆ! ಅಣ್ಣ ಅಲ್ಲದ ಗಂಡಸು ವಿಧವೆ ಒಲೆ ಪಕ್ಕ ಕೂತ್ರೆ ಜನ ಏನಂತಾರೆ? ನಿನ್ನೆವರೆಗೂ ಪಾಪ ಇತ್ತು, ಅದೇ ನಮ್ಮನ್ನ ಕಾಯ್ತಿತ್ತು. ಏಳು ಮಾರಾಯಾ, ಬಾಗಿಲಲ್ಲಿ ಗಿರಾಕಿ ಇದ್ದಾರೆ."

"ಮದುವೆ..." ಎಂದ. ಅಷ್ಟು ವರ್ಷ ತಂಗಿ ಎಂದ ಬಾಯಿಗೆ ಮುಂದಿನ ಮಾತು ಥೂ ಎಂದು ಉಗಿದ ಅಡಿಕೆಯಂತೆಯೇ ಒಗರಾಗಿತ್ತು.

ಅವಳು ಕಾದಳು. ಸೌಟು ಕೈಯಲ್ಲೇ ಇತ್ತು.

"ಅಣ್ಣನಾಗೇ ಇರ್ತೀನಿ ಅಂದ್ರೆ ಕೂತ್ಕೋ," ಎಂದಳು ಕೊನೆಗೆ, ಮೆತ್ತಗೆ. "ಸಭೆಯವರಿಗೆ ನಾನೇನೂ ಹೇಳಲ್ಲ."

ಶಾನ್‌ಬೊರ್ ಒಲೆಯನ್ನೊಮ್ಮೆ ನೋಡಿದ. ಎದ್ದು, ಹೊರಗೆ ಹೋಗಿ, ಡ್ರೈವರುಗಳ ನಡುವೆ ಬೆಂಚಿನ ತುದಿಯಲ್ಲಿ ಕೂತ. ಚಳಿಯಿತ್ತು. ಅಲ್ಲಿಂದ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಚಹಾ ಚಾಚುವ ಅವಳ ಕೈಯೊಂದೇ. ಒಂದು ಲೋಟ ತಗೊಂಡ. ಕುಡಿದು, ಇನ್ನೊಂದು ಕೇಳಿದ.