ಮುತ್ತಿಗೆಯ ಕೋಣೆ

ಕಿಂಡಿಯಕ್ಕ ಗೈಡ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದು ದಡ್ಡತನದಿಂದ ಎನ್ನುವವರನ್ನು ಒಂದು ದಿನ ಅವಳ ಜೊತೆ ಓದಲು ಕೂರಿಸಬೇಕು. ಸಂಜೆಯಾಗುವುದರೊಳಗೆ ಸಾಕಪ್ಪಾ ಸಾಕು ಎಂದು ಕೈಮುಗಿದು ಎದ್ದು ಹೋದಾರು. ಹಳೆಯ ಕೋಟೆಯ ಹೆಬ್ಬಾಗಿಲಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ಕೈ ತೂರುವಷ್ಟೇ ಅಗಲದ ಕಿಂಡಿ, ಅದರ ಹಿಂದೆ ಒಂದು ಸ್ಟೂಲು, ಒಂದು ಫ್ಯಾನು. ಅಲ್ಲಿ ಕೂತು ಕೂತು ಹೆಸರೇ ಕಿಂಡಿಯಕ್ಕ ಎಂದಾಗಿಹೋಗಿತ್ತು. ಈಗ ಆ ಕಿಂಡಿಯ ಪಕ್ಕದಲ್ಲೇ ಟಿಕೆಟ್ ಮೆಷಿನ್ ತಂದು ನಿಲ್ಲಿಸಿದ್ದರು. ಅದರ ಪ್ಲಾಸ್ಟಿಕ್ ಹೊದಿಕೆ ತೆಗೆದ ದಿನ ಇವಳ ಕೆಲಸಕ್ಕೆ ಕತ್ತರಿ. ಗೈಡ್ ಲೈಸೆನ್ಸ್ ಸಿಕ್ಕರೆ ಕೋಟೆಯಲ್ಲೇ ಉಳಿಯಬಹುದು, ಅಮ್ಮನನ್ನೂ ಸಾಕಬಹುದು. ಮೂರನೆಯ ಸಲವೂ ಫೇಲಾದರೆ ಮತ್ತೆ ಕೂರಲು ಬಿಡುವುದಿಲ್ಲ.

ಆ ಪರೀಕ್ಷೆ ಬರೆಯುವುದಲ್ಲ, ಬಾಯಲ್ಲಿ ಹೇಳುವುದು. ಪರೀಕ್ಷಕರು ಪ್ರವಾಸಿಯ ಹಾಗೆ ಪಕ್ಕದಲ್ಲಿ ನಡೆಯುತ್ತಾರೆ. ಕೋಟೆಯ ಐದು ಶತಮಾನದ ಕಥೆಯನ್ನು, ದೂರದೇಶದಿಂದ ಬರುವ ಪ್ರವಾಸಿಗರ ಭಾಷೆಯಲ್ಲೇ, ಚೀಟಿ ನೋಡದೆ ಹೇಳಬೇಕು. ಮೊದಲ ಎರಡು ಶತಮಾನವನ್ನು ಅವಳು ನೀರು ಕುಡಿದ ಹಾಗೆ ಹೇಳಿಬಿಡುತ್ತಿದ್ದಳು. ಮೂರನೆಯದಕ್ಕೆ, ಅಂದರೆ ಕೋಟೆಗೆ ಮುತ್ತಿಗೆ ಬಿದ್ದ ಕಥೆಗೆ ಬರುತ್ತಲೇ ನಾಲಿಗೆ ಅಂಟಿಕೊಳ್ಳುತ್ತಿತ್ತು. ಎರಡು ಸಲವೂ ಅಲ್ಲೇ, ಆ ಕಥೆ ಹೇಳಬೇಕಾದ ಬುರುಜಿನ ಕೆಳಗೇ ನಿಂತುಹೋದಳು.

ಯಾಕೆ ಎಂದು ತಿಳಿಯಬೇಕಾದರೆ ತಂಗಿಯ ವಿಷಯ ಹೇಳಬೇಕು. ಒಂದು ಗಳಿಗೆ ಬಾಯಿ ಮುಚ್ಚದ ಹುಡುಗಿ, ಅದಕ್ಕೇ ಮನೆಯವರಿಗೆಲ್ಲ ಅವಳು ಗಿಣಿ. ಆದರೆ ಆ ಗಿಣಿಗೆ ಗಿಣಿಪಾಠ ಕಂಡರೆ ಆಗುತ್ತಿರಲಿಲ್ಲ. ಓದಿದ್ದನ್ನೇ ಮತ್ತೆ ಮತ್ತೆ ಓದಿ, ಅಡಿಗೆರೆ ಎಳೆದು, ಎಲ್ಲ ಬಂತು ಎಂದುಕೊಳ್ಳುವುದು ತನಗೆ ತಾನೇ ಟೋಪಿ ಹಾಕಿಕೊಂಡ ಹಾಗೆ ಎನ್ನುತ್ತಿದ್ದಳು. ಒಂದು ಪುಟ ಓದು, ಪುಸ್ತಕ ಮುಚ್ಚು, ಗೋಡೆಗೆ ಹೇಳು. ಎಲ್ಲಿ ತಡವರಿಸುತ್ತೀಯೋ ಅಲ್ಲಿ ನಿನಗೆ ಬಂದಿಲ್ಲ. ನಾಳೆ ಒಂದು ಸಲ ಹೇಳು, ವಾರ ಬಿಟ್ಟು ಹೇಳು, ಇನ್ನೇನು ಮರೆಯಬೇಕು ಅನ್ನುವಾಗ ಮತ್ತೆ ಹೇಳು. ಇಸವಿಯ ಬೆನ್ನು ಹತ್ತಬೇಡ, ಯಾಕಾಯಿತು ಎಂದು ಕೇಳು; ಕಾರಣ ಗೊತ್ತಾದರೆ ಇಸವಿ ಅದರ ಹಿಂದೆಯೇ ಬರುತ್ತದೆ. ಇದು ಅವಳ ಶಾಸ್ತ್ರ. ಅಕ್ಕತಂಗಿ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಕೂರುವುದೆಂದು ನಿಶ್ಚಯವಾದಾಗ ಮನೆಯ ಒಂದೊಂದು ಸಾಮಾನಿಗೂ ಪರಭಾಷೆಯ ಚೀಟಿ ಬಿತ್ತು. ಕಣ್ಣಿಗೆ ರೂಢಿಯಾದರೆ ಯಾರೂ ಓದುವುದಿಲ್ಲವೆಂದು ಚೀಟಿಯ ಜಾಗ ಆಗಾಗ ಬದಲಾಗುತ್ತಿತ್ತು. ಅಮ್ಮ ಒಮ್ಮೆ ಬೆನ್ನಿನ ಮೇಲೆ ‘ತಾಯಿ’ ಎಂಬ ಚೀಟಿ ಅಂಟಿಸಿಕೊಂಡೇ ಅಂಗಡಿಗೆ ಹೋಗಿಬಂದಳು. ಅಂಗಡಿಯವನು ಇದು ಯಾವ ಕಂಪನಿಯದಮ್ಮಾ ಎಂದು ಕೇಳಿದನಂತೆ.

ಆ ಭಾಷೆಯಲ್ಲಿ ಭೂತಕಾಲ ಎರಡು ಬಗೆ. ಮುಗಿದುಹೋದ ಸಂಗತಿಗೆ ಒಂದು ರೂಪ, ಆಗ ನಡೆಯುತ್ತಲೇ ಇದ್ದ ಸಂಗತಿಗೆ ಇನ್ನೊಂದು. ಕಿಂಡಿಯಕ್ಕನಿಗೆ ಇದು ಏನು ಮಾಡಿದರೂ ತಲೆಗೆ ಹತ್ತುತ್ತಿರಲಿಲ್ಲ. ಗಿಣಿ ಒಂದೇ ಮಾತಿನಲ್ಲಿ ಹತ್ತಿಸಿದಳು.

“ಎರಡು ಭೂತ ಇದಾವೆ ಅಂತ ಇಟ್ಕೋ ಅಕ್ಕ. ಒಂದು ಬಿಟ್ಟು ಹೋದ ಭೂತ. ಇನ್ನೊಂದು ಮನೇಲೇ ಓಡಾಡ್ಕೊಂಡಿರೋ ಭೂತ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಆ ವ್ಯಾಕರಣ ಅವಳಿಗೆ ಒಮ್ಮೆಯೂ ತಪ್ಪಲಿಲ್ಲ.

ಇತಿಹಾಸವನ್ನು ಮನೆಯೊಳಗೆ ತಂದು ಇಡುವ ಉಪಾಯವೂ ಗಿಣಿಯದೇ. ತಲೆಯಲ್ಲಿ ಉಳಿಯಬೇಕಾದ್ದಕ್ಕೆ ಒಂದು ಜಾಗ ಕೊಡಬೇಕು, ಇಲ್ಲದಿದ್ದರೆ ಅದು ಹೇಗೆ ಉಳಿದೀತು? ಹಜಾರಕ್ಕೆ ಮೊದಲ ಶತಮಾನ: ಚಪ್ಪಲಿಗೂಡಿನ ಹತ್ತಿರ ಕೋಟೆಯ ಮೊದಲ ಕಲ್ಲು ಬಿತ್ತು, ಕೈಮುರಿದ ಕುರ್ಚಿಯಲ್ಲಿ ಮೊದಲ ದೊರೆ ಕೂತ. ಅಡುಗೆಮನೆ ಎರಡನೆಯದು: ಡಬ್ಬಿಗಳ ಸಾಲಿನಲ್ಲಿ ವ್ಯಾಪಾರಿಗಳು, ಒಲೆಯಲ್ಲಿ ಪೇಟೆಯನ್ನು ಸುಟ್ಟ ಬೆಂಕಿ. ಆಮೇಲಿನದು ಹಿಂದಿನ ಕೋಣೆ, ಗಿಣಿಯ ಕೋಣೆ. ಮುತ್ತಿಗೆ ನನ್ನ ರೂಮಿಗೇ ಬೀಳಲಿ ಎಂದು ಅವಳೇ ಕೇಳಿ ಇಟ್ಟುಕೊಂಡಳು. ಕಿಟಕಿಯಾಚೆ ಶತ್ರುವಿನ ಪಾಳೆಯ, ಕಪಾಟಿನಲ್ಲಿ ಬರಿದಾದ ಕಣಜ, ಹೂಜಿಯಲ್ಲಿ ಬತ್ತಿದ ಬಾವಿ, ಮಂಚದ ಮೇಲೆ ಕೋಟೆಯೊಳಗೆ ಹಬ್ಬಿದ ಜ್ವರ. ನಾಲ್ಕನೆಯದು ಬಚ್ಚಲುಮನೆ, ಐದನೆಯದು ಹಿತ್ತಿಲು. ಈ ಬಗೆಯ ಓದಿಗೆ ಕಟ್ಟಳೆ ಒಂದೇ: ಕೋಣೆಯಿಂದ ಕೋಣೆಗೆ ಕ್ರಮವಾಗಿ ನಡೆಯಬೇಕು, ಒಂದನ್ನು ಹಾರಿಸಿ ಮುಂದೆ ಹೋಗುವಂತಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಗಿಣಿ ಅದೇ ಮಂಚದ ಮೇಲೆ ಜ್ವರ ಹಿಡಿದು ಮಲಗಿದಳು. ಇಳಿಯುತ್ತದೆ ಎಂದರು ಡಾಕ್ಟರು. ಇಳಿಯಲಿಲ್ಲ. ಮೈ ಕೆಂಡವಾಗಿದ್ದರೂ ತುಟಿ ಒಡೆದಿದ್ದರೂ ಹುಡುಗಿ ಪಾಠ ಹೇಳುತ್ತಲೇ ಇದ್ದಳು, ಬಾವಿ ಬತ್ತಿತು, ಕಣಜ ಬರಿದಾಯಿತು ಎಂದು ಆ ಪರಭಾಷೆಯಲ್ಲೇ. ನೆನಪಿನಿಂದ ಹೇಳುತ್ತಿದ್ದಾಳೋ, ಕನವರಿಸುತ್ತಿದ್ದಾಳೋ, ಪಕ್ಕದಲ್ಲಿ ಒದ್ದೆಬಟ್ಟೆ ಹಿಡಿದು ಕೂತ ಅಕ್ಕನಿಗೆ ತಿಳಿಯಲಿಲ್ಲ. ಮುತ್ತಿಗೆಯ ಪಾಠ ಮುಗಿಯುವ ಮೊದಲೇ ಹೋಗಿಬಿಟ್ಟಳು. ಅನ್ಯಾಯದ ಸಾವು, ಅದಕ್ಕೆ ಬೇರೆ ಮಾತಿಲ್ಲ. ಅಮ್ಮ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ದಿಂಬಿನ ಚೀಲದೊಳಗೆ ಸೇರಿಸಿದಳು.

ಮನೆಯ ಬಾಗಿಲಿಗೆ ಬೀಗ ಹಾಕಬಹುದು, ತಲೆಯೊಳಗಿನ ಮನೆಗೆ ಹಾಕುವುದು ಹೇಗೆ? ಕಿಂಡಿಯಕ್ಕ ದಿನಾ ಕೆಲಸ ಮುಗಿಸಿ ಬಂದು ಓದಲು ಕೂರುತ್ತಿದ್ದಳು. ಕಣ್ಣುಮುಚ್ಚಿ ಹಜಾರ ದಾಟುತ್ತಿದ್ದಳು, ಅಡುಗೆಮನೆ ದಾಟುತ್ತಿದ್ದಳು. ಹಿಂದಿನ ಕೋಣೆಯ ಬಾಗಿಲಿಗೆ ಬಂದರೆ ಒಳಗಿನಿಂದ ದನಿ. ಬಾವಿ, ಕಣಜ, ಪಾಳೆಯ. ಅವಳು ಹೊಸ್ತಿಲಲ್ಲಿ ನಿಂತ ಕೂಡಲೇ ದನಿ ನಿಂತು, ಪುಸ್ತಕ ಮುಚ್ಚಿದೆಯಾ ಅಕ್ಕ ಎಂದು ಕೇಳುತ್ತಿತ್ತು. ಕಿಂಡಿಯಕ್ಕ ಕಣ್ಣುಬಿಟ್ಟುಬಿಡುತ್ತಿದ್ದಳು. ಹೆದರಿಕೆಯೇ ಎಂದರೆ ಹೆದರಿಕೆ. ಆದರೆ ಮರುದಿನ ಮತ್ತೆ ಆ ಬಾಗಿಲಿನವರೆಗೆ ಹೋಗಿ ಬರದಿದ್ದರೆ ಊಟ ಸೇರುತ್ತಿರಲಿಲ್ಲ.

ಮೊದಲ ಸಲ ಫೇಲಾದ ಮೇಲೆ ಮುತ್ತಿಗೆಯನ್ನು ಬೇರೆಡೆ ಸಾಗಿಸಲು ನೋಡಿದಳು. ಟಿಕೆಟ್ ಕಿಂಡಿಯೊಳಗೆ ಇಟ್ಟಳು. ಪಕ್ಕದ ಮನೆಯ ಮೆಟ್ಟಿಲ ಮೇಲೆ ಇಟ್ಟಳು. ದಿನಾ ಹತ್ತುವ ಬಸ್ಸಿನ ಸೀಟುಗಳಲ್ಲಿ ಸೈನ್ಯವನ್ನೆಲ್ಲ ಕೂರಿಸಿದಳು. ಮುಂದಿನ ಸ್ಟಾಪಿನಲ್ಲಿ ಎಲ್ಲರೂ ಇಳಿದುಹೋದರು. ಮೊದಲ ಸಲ ಎಲ್ಲಿ ಕಲಿತೆವೋ ಅಲ್ಲಿಂದ ಏಳುವುದಿಲ್ಲ ಎನ್ನುವುದು ಓದಿನ ಕೆಟ್ಟ ಹಟ. ಎರಡನೆಯ ಸಲವೂ ಅದೇ ಬುರುಜಿನ ಕೆಳಗೆ ಬಾಯಿ ಕಟ್ಟಿ ನಿಂತಳು.

ಕೋಟೆಯ ಮುದುಕ ಗೈಡ್ ಒಬ್ಬನಿಗೆ ಮಾತ್ರ ಅವಳು ಇದನ್ನೆಲ್ಲ ಹೇಳಿಕೊಂಡದ್ದು. ಅವನು ನಗಲಿಲ್ಲ. ಬಾಗಿಲು ತೆಗೆದು ಒಳಗೆ ಹೋಗು, ಅಲ್ಲೇ ಕೂತು ಓದು, ಇಲ್ಲದಿದ್ದರೆ ಆ ನೂರು ವರ್ಷ ನಿನ್ನದಾಗುವುದಿಲ್ಲ ಎಂದ. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟ. ಆ ಕೋಟೆಯ ಗೈಡುಗಳು ಕಥೆ ಕಟ್ಟುವುದರಲ್ಲಿ ಹೆಸರುವಾಸಿ. ಒಬ್ಬನಂತೂ ಪ್ರವಾಸಿ ಯಾವ ಗೋಡೆಯ ಹತ್ತಿರ ನಿಂತರೂ ರಾಣಿ ಇಲ್ಲಿಂದಲೇ ಹಾರಿದ್ದು ಎನ್ನುತ್ತಿದ್ದ. ಪಾಪ, ಆ ಪುಣ್ಯಾತ್ಗಿತ್ತಿ ದಿನಕ್ಕೆ ನಾಲ್ಕೈದು ಸಲ ಹಾರಬೇಕಾಗುತ್ತಿತ್ತು. ಅವನ ಲೈಸೆನ್ಸ್ ಕಿತ್ತುಕೊಂಡ ಮೇಲೆ ನಿಯಮ ಬಿಗಿಯಾಗಿತ್ತು. ದಾಖಲೆಯಲ್ಲಿ ಇಲ್ಲದ ಒಬ್ಬ ಮನುಷ್ಯನನ್ನು ಸೇರಿಸಿದರೂ ಫೇಲು.

ಕಿಂಡಿಯಕ್ಕ ಬೀಗದ ಕೈ ಕೇಳಿದಾಗ ಅಮ್ಮ ಹಾಸಿಗೆಯ ಮೇಲಿನಿಂದ ಏಳಲಿಲ್ಲ. ಕೆಲಸ ಹೋಗುತ್ತದೆ, ಬಾಡಿಗೆಗೆ ಏನು ಮಾಡುವುದು, ಇದೊಂದೇ ದಾರಿ ಎಂದು ಮಗಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಅಮ್ಮ ದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿಸಿಕೊಂಡಳು. ಆಮೇಲೆ, ಇಷ್ಟು ದಿನ ಹೇಳದಿದ್ದ ಮಾತು ಹೇಳಿದಳು. ಹಗಲು ಕಿಂಡಿಯಕ್ಕ ಕೆಲಸಕ್ಕೆ ಹೋದಾಗ ಅಮ್ಮ ಆ ಬಾಗಿಲ ಹೊರಗೆ ಕೂರುತ್ತಾಳಂತೆ. ಒಳಗೆ ಗಿಣಿ ಓದುವುದು ಕೇಳುತ್ತದಂತೆ. ಒಂದು ಅಕ್ಷರ ಅರ್ಥವಾಗದಿದ್ದರೂ ದನಿ ಅವಳದೇ ಅಂತೆ.

ಅಲ್ಲಿಯವರೆಗೆ ಕಿಂಡಿಯಕ್ಕ ಅದು ತನ್ನ ತಲೆಯೊಳಗಿನದು ಎಂದುಕೊಂಡಿದ್ದಳು.

“ನೀನು ಆ ರೂಮಿನ ತುಂಬ ನಿನ್ನ ಸೈನ್ಯ ತುಂಬಿಸ್ತೀಯಾ,” ಎಂದಳು ಅಮ್ಮ. “ಆಮೇಲೆ ಅವಳು ಎಲ್ಲಿರಬೇಕು?”

ಕಿಂಡಿಯಕ್ಕ ಕೈ ಚಾಚಿದಳು. ಅಮ್ಮ ದಿಂಬಿನ ಚೀಲದಿಂದ ಬೀಗದ ಕೈ ತೆಗೆದು ಹಾಸಿಗೆಯ ಮೇಲೆ ಹಾಕಿದಳು. ಮಗಳ ಕೈಗೆ ಕೊಡಲಿಲ್ಲ.

ಕೋಣೆಯಲ್ಲಿ ಧೂಳು ಬಿಟ್ಟರೆ ಏನೂ ಬದಲಾಗಿರಲಿಲ್ಲ. ಕಿಟಕಿಗೆ, ಕಪಾಟಿಗೆ, ಹೂಜಿಗೆ ಅಂಟಿಸಿದ ಚೀಟಿಗಳು ಹಳದಿಯಾಗಿ ಸುರುಟಿಕೊಂಡಿದ್ದವು. ಕಿಂಡಿಯಕ್ಕ ನೆಲದ ಮೇಲೆ ಕೂತು ಶುರುಮಾಡಿದಳು. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಕಿಟಕಿಗೆ ಹೋಗಿ ಪಾಳೆಯ ಹೇಳಿದಳು. ಕಪಾಟಿಗೆ ಹೋಗಿ ಕಣಜ ಹೇಳಿದಳು. ತಪ್ಪಿದಲ್ಲಿ ಮತ್ತೆ ಹಿಂದಿನಿಂದ. ಮೊದಮೊದಲು ಪ್ರತಿ ತಪ್ಪಿಗೂ ಮಂಚದ ಕಡೆಯಿಂದ ಗಿಣಿ ತಿದ್ದುತ್ತಿದ್ದ ಹಾಗೆ ಅನ್ನಿಸುತ್ತಿತ್ತು. ತಪ್ಪು ಕಡಿಮೆಯಾದ ಹಾಗೆ ತಿದ್ದುವುದೂ ಕಡಿಮೆಯಾಯಿತು. ಚೆನ್ನಾಗಿ ಕಲಿಯುವುದೆಂದರೆ ಇದೇ ತಾನೆ, ಹೇಳಿಕೊಟ್ಟವರು ಬೇಡವಾಗುವುದು! ಅದು ಹೊಳೆದ ದಿನ ಅವಳು ಬೇಕೆಂದೇ ನಾಲ್ಕು ತಪ್ಪು ಮಾಡಿ ಕಾದು ಕೂತಳು. ದನಿ ಬಂತು, ಆದರೆ ಪಕ್ಕದ ಬೀದಿಯಿಂದ ಬಂದಷ್ಟು ಸಣ್ಣಗೆ. ಕಿಂಡಿಯಕ್ಕ ಮಂಚಕ್ಕೆ ತಲೆಯಾನಿಸಿ ಅತ್ತಳು.

ಮಂಚದ ಮೇಲೆ ಮಾತ್ರ ಅವಳು ಏನನ್ನೂ ಇಡಲಿಲ್ಲ. ಕೋಟೆಯೊಳಗಿನ ಜ್ವರವನ್ನು ಅಲ್ಲಿ ಇಡಬೇಕಿತ್ತು, ಇಡಲು ಕೈಬರಲಿಲ್ಲ. ಹೇಗಿದ್ದರೂ ಅಲ್ಲಿಗೆ ಬಂದಾಗ ನೆನಪಾಗುತ್ತದೆ ಎಂದು ಬಿಟ್ಟುಬಿಟ್ಟಳು. ಅಷ್ಟೆಲ್ಲ ಓದಿದವಳು ಮಾಡಿದ ತಪ್ಪು ಅದೊಂದೇ.

ಪರೀಕ್ಷೆಯ ದಿನ ಪರೀಕ್ಷಕಿ ಬಂದರು. ನರೆತ ಕೂದಲಿನ, ತಾಳ್ಮೆಯ ಹೆಂಗಸು, ಕೈಯಲ್ಲಿ ಕೊಡೆ. ಹೆಬ್ಬಾಗಿಲಿನಿಂದ ಶುರುವಾಯಿತು. ಕಿಂಡಿಯಕ್ಕ ಕೋಟೆಯಲ್ಲಿ ನಡೆಯುತ್ತಿದ್ದಳು, ಒಳಗೊಳಗೇ ಮನೆಯಲ್ಲೂ ನಡೆಯುತ್ತಿದ್ದಳು. ಮೊದಲ ಶತಮಾನ ಆಯಿತು, ಎರಡನೆಯದಾಯಿತು. ನಡು ಮಧ್ಯಾಹ್ನಕ್ಕೆ ಇಬ್ಬರೂ ಆ ಬುರುಜಿನ ಕೆಳಗೆ ನಿಂತರು. ಕಿಂಡಿಯಕ್ಕ ಮನಸ್ಸಿನಲ್ಲೇ ಹಿಂದಿನ ಕೋಣೆಯ ಬಾಗಿಲು ತಳ್ಳಿದಳು.

ಪಾಳೆಯ ಬಂತು. ಕಣಜ ಬಂತು. ಬಾವಿ ಬಂತು. ನಾಲಿಗೆ ಎಲ್ಲೂ ಅಂಟಲಿಲ್ಲ. ತನ್ನ ಬಾಯಿಂದ ಆ ಭಾಷೆ ಅಷ್ಟು ಸಲೀಸಾಗಿ ಬರುತ್ತಿರುವುದು ಅವಳಿಗೇ ಸೋಜಿಗವಾಯಿತು. ಪರೀಕ್ಷಕಿ ಬರೆಯುವುದನ್ನು ಬಿಟ್ಟು ಕೇಳುತ್ತಿದ್ದರು. ಆಮೇಲೆ ಜ್ವರ ಬಂತು, ಮಂಚ ಬಂತು. ಮಂಚದ ಮೇಲೆ ಇದ್ದದ್ದನ್ನೇ ಕಿಂಡಿಯಕ್ಕ ಹೇಳುತ್ತಾ ಹೋದಳು: ಒಬ್ಬ ಹುಡುಗಿ ಮಲಗಿದ್ದಳು, ಮೈ ಸುಡುತ್ತಿತ್ತು, ತುಟಿ ಒಡೆದಿತ್ತು, ಆದರೂ ಅವಳು ಪಾಠ ಹೇಳುತ್ತಲೇ ಇದ್ದಳು. ಎಲ್ಲವೂ ಆ ಓಡಾಡಿಕೊಂಡಿರುವ ಭೂತದಲ್ಲಿ.

ಪರೀಕ್ಷಕಿ ಕೈಯೆತ್ತಿ ತಡೆದರು. ಈ ಹುಡುಗಿ ಯಾರು, ಯಾವ ದಾಖಲೆಯಲ್ಲಿ ಬರುತ್ತಾಳೆ ಎಂದು ಅದೇ ಭಾಷೆಯಲ್ಲಿ ಕೇಳಿದರು. ಕಿಂಡಿಯಕ್ಕನಿಗೆ ಆಗ ತಾನೇನು ಮಾಡಿದೆ ಎಂದು ಗೊತ್ತಾಯಿತು. ಪರೀಕ್ಷಕಿ ಕೆಟ್ಟವರೇನಲ್ಲ. ಇಷ್ಟು ಚೆನ್ನಾಗಿ ಹೇಳಿದ್ದೀರಿ, ಬಾಯಿ ತಪ್ಪಿ ಬಂದದ್ದಾದರೆ ತಿದ್ದಿಕೊಳ್ಳಲು ಅವಕಾಶವಿದೆ ಎಂದರು. ಆಮೇಲೆ ನೇರವಾಗಿ ಕೇಳಿದರು.

“ಅಂಥ ಹುಡುಗಿ ಇದ್ದಳೇ, ಇರಲಿಲ್ಲವೇ?”

ಒಳಗಿನ ಮಂಚದ ಮೇಲೆ ಗಿಣಿ ಪಾಠ ನಿಲ್ಲಿಸಿದ್ದಳು. ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಕಿಂಡಿಯಕ್ಕನಿಗೆ ಟಿಕೆಟ್ ಮೆಷಿನ್ ನೆನಪಾಯಿತು, ಅಮ್ಮ ನೆನಪಾದಳು. ಓಡಿಹೋಗಿಬಿಡೋಣ ಅನ್ನಿಸಿತು.

“ಇರಲಿಲ್ಲ,” ಎಂದಳು. “ನನ್ನ ತಪ್ಪು. ಅಂಥ ಹುಡುಗಿ ಯಾರೂ ಇರಲಿಲ್ಲ.”

ಬಿಟ್ಟು ಹೋದ ಭೂತದಲ್ಲಿ ಹೇಳಿದಳು. ವ್ಯಾಕರಣ ಎಳ್ಳಷ್ಟೂ ತಪ್ಪಿರಲಿಲ್ಲ. ಪರೀಕ್ಷಕಿ ತಲೆಯಾಡಿಸಿ ಗುರುತು ಹಾಕಿಕೊಂಡು ಮುಂದೆ ನಡೆದರು. ನಾಲ್ಕನೆಯ ಶತಮಾನವನ್ನೂ ಐದನೆಯದನ್ನೂ ತಾನು ಹೇಗೆ ಹೇಳಿ ಮುಗಿಸಿದೆ ಎನ್ನುವುದು ಕಿಂಡಿಯಕ್ಕನಿಗೆ ಆಮೇಲೆ ನೆನಪಿರಲಿಲ್ಲ. ಹೆಬ್ಬಾಗಿಲಲ್ಲಿ ಪರೀಕ್ಷಕಿ ಕೈಕುಲುಕಿ ಅಭಿನಂದನೆ ಹೇಳಿದರು. ಮುದುಕ ಗೈಡ್ ದೂರದಿಂದಲೇ ಕೈಯೆತ್ತಿ ಆಡಿಸಿದ.

ಬಿಸಿಲಿಳಿಯುವ ಹೊತ್ತಿಗೆ ಮನೆಗೆ ಬಂದಳು. ಹಜಾರ ದಾಟಿದಳು, ಅಡುಗೆಮನೆ ದಾಟಿದಳು. ಅಮ್ಮ ಹಿಂದಿನ ಕೋಣೆಯ ಹೊರಗೆ ನೆಲದ ಮೇಲೆ ಕೂತಿದ್ದಳು, ಕಿವಿ ಬಾಗಿಲಿಗೆ ಆನಿಸಿಕೊಂಡು. ಪಾಸಾದೆ ಅಮ್ಮ ಎಂದಳು ಕಿಂಡಿಯಕ್ಕ. ಅಮ್ಮ ತಿರುಗಿ ನೋಡಲಿಲ್ಲ. ಸುಮ್ಮನಿರು ಎಂದು ಕೈಸನ್ನೆ ಮಾಡಿ ಇನ್ನಷ್ಟು ಹೊತ್ತು ಕೇಳಿಸಿಕೊಂಡಳು. ಆಮೇಲೆ ಬಾಗಿಲಿನಿಂದ ಕಿವಿ ತೆಗೆದಳು.

“ಮಧ್ಯಾಹ್ನ ಓದ್ತಾ ಓದ್ತಾನೇ ನಿಲ್ಲಿಸಿಬಿಟ್ಟಳು ಕಣೇ,” ಎಂದಳು. “ನೀನೇನಾದ್ರೂ ಅಂದ್ಯಾ ಅವಳಿಗೆ?”