ರಣದಿಂದ ತಂದ ಉಪ್ಪು

ರೇಣುಕವ್ವನ ಗಂಡ ಹಾಲೇಶಪ್ಪ ಲಾರಿ ಡ್ರೈವರ್. ಬ್ಯಾಡಗಿಯ ಮೆಣಸಿನಕಾಯಿ ಹೇರಿಕೊಂಡು ದೇಶದ ಮೂಲೆ ಮೂಲೆಗೆ ಹೋಗುತ್ತಿದ್ದ. ಬರುವಾಗ ಏನು ಸಿಕ್ಕಿತೋ ಅದನ್ನು ಹೇರಿಕೊಂಡು ಬರುತ್ತಿದ್ದ. ಸೇಬು ತಂದ, ಹಾಸುಗಲ್ಲು ತಂದ, ಉಪ್ಪು ತಂದ. ಅದೆಲ್ಲ ಸಾಹುಕಾರರ ಮಾಲು. ಮನೆಗೆ ತರುತ್ತಿದ್ದದ್ದು ಮಾತು.

ಫೋಟೋ ತೆಗೆಯುತ್ತಿರಲಿಲ್ಲ. ಕೈಗೆ ಫೋನು ಬಂದ ಮೇಲೂ ತೆಗೆಯಲಿಲ್ಲ. ಫೋಟೋದಲ್ಲಿ ಎಂಥ ಬೆಟ್ಟವೂ ಅಂಗೈಯಷ್ಟೇ ಆಗುತ್ತದೆ ಎನ್ನುತ್ತಿದ್ದ. ಊರಿಗೆ ಬಂದ ದಿನ ಕೈಕಾಲು ತೊಳೆದು, ಒಲೆಯ ಮುಂದೆ ಕುಂತು, ರೊಟ್ಟಿ ಮುರಿಯುತ್ತ ಹೇಳಲು ಶುರು ಮಾಡುತ್ತಿದ್ದ. ರೇಣುಕವ್ವ ಹಾವೇರಿ, ರಾಣೇಬೆನ್ನೂರು ಬಿಟ್ಟು ಆಚೆ ಹೋದವಳಲ್ಲ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಅವಳಿಗೆ ತಿಳಿಯುವ ಹಾಗೆ ಹೇಳಬೇಕಲ್ಲ. ಅದಕ್ಕೆ ಅವನು ಎಲ್ಲಕ್ಕೂ ಊರಿನ ಹೋಲಿಕೆ ಹುಡುಕುತ್ತಿದ್ದ.

ಪಠಾಣಕೋಟದ ಹತ್ತಿರ ಒಂದು ಮುಂಜಾನೆ ದೂರದಲ್ಲಿ ಬಿಳಿ ಮೋಡ ಕಂಡಿತಂತೆ. ಚಹಾ ಕುಡಿದ, ಟೈರಿಗೆ ಗಾಳಿ ಹೊಡೆಸಿದ, ಮತ್ತೆ ನೋಡಿದ. ಮೋಡ ಅಲ್ಲಾಡಿರಲಿಲ್ಲ. ಆಗ ಗೊತ್ತಾಯಿತಂತೆ, ಅದು ಹಿಮದ ಬೆಟ್ಟ ಎಂದು. ಚಂಬಲ್ ನದಿಯ ದಂಡೆಯ ಕೊರಕಲುಗಳು ಅವನ ಅಜ್ಜಿಯ ಮುಖದ ಸುಕ್ಕು ಇದ್ದ ಹಾಗೆ, ಹೊಕ್ಕವನು ಸುಕ್ಕಿನೊಳಗೇ ಕಳೆದುಹೋಗುತ್ತಾನೆ. ಬ್ರಹ್ಮಪುತ್ರದ ಮುಂದೆ ನಮ್ಮ ವರದಾ ನದಿ ಹಿತ್ತಲಿನ ಬಚ್ಚಲ ನೀರು. ಒಡಿಶಾದ ಒಂದು ಕಡೆ ಸಮುದ್ರ ಸಿಟ್ಟು ಬಂದ ಸೊಸೆ ಇದ್ದ ಹಾಗೆ. ತವರಿಗೆ ಹೋಗುತ್ತೇನೆ ಅಂತ ಹೊರಟು ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ, ಯಾರೂ ಕರೆಯದಿದ್ದರೂ ತಾನೇ ತಿರುಗಿ ಬರುತ್ತದೆ.

ಹೋಲಿಕೆ ಸಿಗದೆ ಉಳಿದದ್ದು ಒಂದೇ. ರಣ.

ಅದರ ಕತೆ ಬೇರೆ. ಮದುವೆಯಾದ ಹೊಸತು. ಗಡಿಯಲ್ಲಿ ಯುದ್ಧ ನಡೆದಿತ್ತು. ದಲಾಲಿ ಅಂಗಡಿಯ ಫೋನಿಗೆ ಹಾಲೇಶಪ್ಪನ ಕರೆ ಬಂತು, ಅಂಗಡಿಯ ಆಳು ಓಡಿಬಂದು ರೇಣುಕವ್ವನನ್ನು ಕರೆದ. ಎಲ್ಲಿದ್ದೀರಿ ಎಂದು ಕೇಳಿದಳು. "ರಣದಾಗ ಅದೇನಿ" ಎಂದ. ಅಷ್ಟಕ್ಕೆ ಲೈನು ಕಟ್ಟಾಯಿತು.

ರಣ ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ. ಪುರಾಣ ಹೇಳುವವರು ಹೇಳುವ ರಣ, ತಲೆ ಉರುಳುವ ರಣ. ಮೆಣಸಿನಕಾಯಿ ಲಾರಿಗೆ ಯುದ್ಧದಲ್ಲಿ ಏನು ಕೆಲಸ ಎಂದು ಯೋಚಿಸಲಿಲ್ಲ. ಸೈನಿಕರೂ ಸಾರು ಮಾಡುತ್ತಾರಲ್ಲ. ಕದರಮಂಡಲಗಿಗೆ ನಡೆದುಕೊಂಡೇ ಹೋಗಿ, ಆಂಜನೇಯನ ಮುಂದೆ ನಿಂತು, ಗಂಡ ತಿರುಗಿ ಬರುವ ತನಕ ಉಪ್ಪು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ಸಪ್ಪನೆ ಸಾರು, ಸಪ್ಪನೆ ಪಲ್ಯ ಉಂಡಳು. ಅತ್ತೆ ಬೈದರೂ ಬಿಡಲಿಲ್ಲ.

ಹಾಲೇಶಪ್ಪ ಬಂದ. ಲಾರಿ ತುಂಬ ಉಪ್ಪು ಹೇರಿಕೊಂಡು ಬಂದ.

ವಿಷಯ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಗುಜರಾತಿನ ಕಛ್ ಎನ್ನುವ ಸೀಮೆಯಲ್ಲಿ ಉಪ್ಪಿನ ಬಯಲು ಇದೆ, ಅದಕ್ಕೆ ಅಲ್ಲಿಯವರು ರಣ ಅನ್ನುತ್ತಾರೆ ಎಂದ. ಹೆಂಗೈತಿ ಎಂದು ಕೇಳಿದಳು. ಬಾಯಿ ತೆರೆದ, ಮುಚ್ಚಿದ. ಕೊನೆಗೆ ಒಂದು ಉಪ್ಪಿನ ಹರಳು ತೆಗೆದು ಅವಳ ಅಂಗೈಯಲ್ಲಿಟ್ಟ. "ಹಿಡಿ. ಇದ ರಣ." ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತದೆ ಎಂದಳು. ಅಂದೇ ಸಂಜೆ ಜಗಳ ಆಯಿತು. ಯಾವುದಕ್ಕೆ ಎನ್ನುವುದು ಈಗ ನೆನಪಿಲ್ಲ. ಆಮೇಲೆ ಮನೆಯಲ್ಲಿ ಯಾವ ಜಗಳವಾದರೂ ಹಾಲೇಶಪ್ಪ ಅದೇ ಹೇಳುತ್ತಿದ್ದ, ಇದು ಆ ಉಪ್ಪಿನ ಜಗಳ, ಇನ್ನೂ ಮುಗಿದಿಲ್ಲ ಎಂದು.

ಒಂದಲ್ಲ ಒಂದು ಸಲ ರಣಕ್ಕೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದ. ಹೆಂಗಸರನ್ನು ಗಾಡಿಯಲ್ಲಿ ಕೂಡಿಸಲು ಸಾಹುಕಾರ ಬಿಡುತ್ತಿರಲಿಲ್ಲ. ಮಕ್ಕಳಿಲ್ಲ, ಕಟ್ಟಿಹಾಕುವವರಿಲ್ಲ, ಆದರೂ ಹೋಗಲಾಗಲಿಲ್ಲ.

ಹೋದ ಶ್ರಾವಣದಲ್ಲಿ ಊಟಕ್ಕೆ ಕುಂತವನು ತಾಟಿನ ಮೇಲೆ ಬಾಗಿದ. ಏಳಲಿಲ್ಲ. ಇಡೀ ದೇಶದ ರಸ್ತೆಯಲ್ಲಿ ಅವನನ್ನು ಬಿಟ್ಟ ಸಾವು ಮನೆಗೆ ಬಂದು ಹಿಡಿಯಿತು.

ರೇಣುಕವ್ವ ಮೆಣಸಿನಕಾಯಿ ಗೋದಾಮಿನಲ್ಲಿ ತುಂಬು ಬಿಡಿಸಲು ಹೋಗುತ್ತಾಳೆ. ತುಂಬು ಎಂದರೆ ಕಾಯಿಯ ತೊಟ್ಟು. ದಿನವಿಡೀ ಕುಂತು ಅದನ್ನು ಕೀಳುವುದು. ಕೈ ಉರಿಯುತ್ತದೆ, ಬಾಯಿ ಬಿಡುವಾಗಿರುತ್ತದೆ. ಪಕ್ಕದಲ್ಲಿ ಕೂಡುವ ಅಕ್ಬರಬಿ ಅವಳ ಹಳೆಯ ಗೆಳತಿ, ಒಳ್ಳೆಯವಳು, ನಾಲಿಗೆ ಮಾತ್ರ ಗುಂಟೂರು ಕಾಯಿ. ಹಾಲೇಶಪ್ಪನ ಮಾತುಗಳನ್ನು ರೇಣುಕವ್ವ ಅವಳಿಗೆ ಹೇಳುತ್ತಿದ್ದಳು. ಹೇಳಿದಷ್ಟು ಹೊತ್ತು ಅವನು ಇನ್ನೂ ರಸ್ತೆಯಲ್ಲಿ ಇದ್ದಾನೆ ಅನ್ನಿಸುತ್ತಿತ್ತು. ಒಂದು ದಿನ ರಣದ ಕತ್ತೆಯ ಮಾತು ಬಂತು. ರಾಣೇಬೆನ್ನೂರಿನ ಕಾಡಿನ ಚಿಗರಿ ಜಿಂಕೆಗಳು ಓಡುವಂತೆ ಅಲ್ಲಿ ಕತ್ತೆಗಳು ಓಡುತ್ತವೆ ಎಂದು ಹಾಲೇಶಪ್ಪ ಹೇಳಿದ್ದ.

ಅಕ್ಬರಬಿ ನಕ್ಕಳು. "ಕತ್ತಿ ಚಿಗರಿ ಆತು, ಸಮುದ್ರ ಸೊಸಿ ಆತು. ಡ್ರೈವರ್ ಕಣ್ಣು ರಸ್ತೆ ಮ್ಯಾಲಿರ್ತಾವ ರೇಣವ್ವ. ಇದನ್ನೆಲ್ಲಾ ಯಾವಾಗ ನೋಡಿದ? ಯಾವ್ದೋ ಧಾಬಾದಾಗ ಕುಂತು ಕೇಳಿರಬೇಕು."

ನಗುತ್ತಲೇ ಅಂದದ್ದು. ಆದರೆ ರೇಣುಕವ್ವನಿಗೆ ಅದು ಮುಳ್ಳಾಗಿ ನಟ್ಟಿತು. ಗಂಡ ಬಿಟ್ಟುಹೋದದ್ದು ಮಾತು ಒಂದೇ. ಅದೂ ಸುಳ್ಳಾದರೆ ಇನ್ನೇನು ಉಳಿಯಿತು? ರಣ ಹೆಂಗೈತಿ ಎಂದು ಕೇಳಿದಾಗ ಅವನ ಬಾಯಿ ಯಾಕೆ ಕಟ್ಟಿತು? ಉಪ್ಪು ಯಾವ ಗೋದಾಮಿನಲ್ಲೂ ಸಿಗುತ್ತದೆ. ಅವನ ಜೊತೆ ಕ್ಲೀನರ್ ಆಗಿದ್ದ ಡಾಕಪ್ಪನನ್ನು ಕೇಳಬಹುದಿತ್ತು. ಕೇಳಲಿಲ್ಲ. ಇಲ್ಲ ಅಂದುಬಿಟ್ಟರೆ?

ಡಾಕಪ್ಪನೇ ಬಂದ. ಈಗ ಅವನಿಗೆ ಸ್ವಂತ ಗಾಡಿ. ಸುಗ್ಗಿಯ ಮಾಲು ಕಛ್‌ಗೆ ಹೊರಟಿತ್ತು, ಹೆಂಡತಿ ನೀಲಾಳೂ ಬರುವವಳಿದ್ದಳು. ರಣ ತೋರಿಸ್ತೀನಿ ಅಂತ ಅಣ್ಣ ನಿಮಗೆ ಕೊಟ್ಟ ಮಾತು ತನ್ನ ಮೇಲೆ ಐತಿ, ಬರ್ರಿ ಅಕ್ಕ ಎಂದ.

ಭಾವ ಚಂದ್ರಪ್ಪ ಒಪ್ಪಲಿಲ್ಲ. ಅವನು ಅಗಡಿಯಿಂದ ಬಸ್ಸು ಹತ್ತಿ ಬಂದು ಜಗಲಿಯ ಮೇಲೆ ಕುಂತ. ಗಂಡ ಸತ್ತು ವರ್ಷ ತುಂಬಿಲ್ಲ, ಹೊಳೆ ದಾಟುವ ಹಾಗಿಲ್ಲ, ಮಂದಿ ಏನಂದಾರು ಎಂದ. ಕೆಟ್ಟ ಮನುಷ್ಯನಲ್ಲ. ತಮ್ಮನ ಹೆಸರಿಗೆ ಮಾತು ಬರಬಾರದು ಎನ್ನುವವನು.

"ಅವರು ದಾಟಿದ ಹೊಳಿ ಎಲ್ಲಾ ನಾನು ಒಲಿ ಮುಂದ ಕುಂತು ದಾಟೇನ್ರಿ ಭಾವಾರ" ಎಂದಳು ರೇಣುಕವ್ವ. "ಇದೊಂದು ಕಾಲಿಲೆ ದಾಟ್ತೀನಿ."

ಚಂದ್ರಪ್ಪ ಚಹಾ ಕುಡಿದ. ಹೋಗುವಾಗ ತನ್ನ ಉಣ್ಣೆಯ ಶಾಲು ಬಿಚ್ಚಿ ಜಗಲಿಯ ಮೇಲೆ ಇಟ್ಟು ಹೋದ. ಅದೇ ಅವನ ಒಪ್ಪಿಗೆ.

ದಾರಿ ಉದ್ದ. ಹುಬ್ಬಳ್ಳಿ ದಾಟಿತು, ಪುಣೆ ದಾಟಿತು, ಭಾಷೆ ಬದಲಾಯಿತು, ಚಹಾದ ರುಚಿ ಬದಲಾಯಿತು. ಹಾಲೇಶಪ್ಪ ಎಲ್ಲೆಲ್ಲಿ ನಿಲ್ಲಿಸುತ್ತಿದ್ದನೋ ಅಲ್ಲಲ್ಲೇ ಡಾಕಪ್ಪ ನಿಲ್ಲಿಸಿದ. ಗುಜರಾತಿನಲ್ಲಿ ಒಂದು ಬೋಳು ಬಯಲಿನ ಬದಿಗೆ ಕಂದು ಬಣ್ಣದ ಹಿಂಡು ಧೂಳೆಬ್ಬಿಸಿ ಓಡಿತು. ಕುದುರಿ ಎಂದಳು ನೀಲಾ. ರೇಣುಕವ್ವ ಕಿವಿ ನೋಡಿದಳು. ಕತ್ತೆ. ಚಿಗರಿ ಓಡಿದ ಹಾಗೇ ಓಡಿದವು. ಅವಳು ಶಾಲಿನ ಸೆರಗು ಬಾಯಿಗೆ ಹಿಡಿದಳು. ನಕ್ಕಳೋ ಅತ್ತಳೋ ನೀಲಾಳಿಗೆ ತಿಳಿಯಲಿಲ್ಲ.

ಭುಜ್‌ನಲ್ಲಿ ಮಾಲು ಇಳಿಸಿ, ಜೀಪು ಹಿಡಿದು ರಣಕ್ಕೆ ಹೋದರು. ರಸ್ತೆ ಮುಗಿದಲ್ಲಿ ಜೀಪು ನಿಂತಿತು. ಜನ ಇದ್ದ ಕಡೆ ಬಿಟ್ಟು ರೇಣುಕವ್ವ ಮುಂದೆ ನಡೆದಳು. ಕಾಲ ಕೆಳಗೆ ಉಪ್ಪು ಹಪ್ಪಳದಂತೆ ಮುರಿಯಿತು. ಆಮೇಲೆ ಅದೂ ಗಟ್ಟಿಯಾಯಿತು, ಸದ್ದು ನಿಂತಿತು. ಗಿಡವಿಲ್ಲ. ಹಕ್ಕಿಯಿಲ್ಲ. ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎನ್ನುವ ಗೆರೆಯೂ ಇಲ್ಲ. ಇದ್ದದ್ದು ಅವಳ ನೆರಳೊಂದೇ.

ಡಾಕಪ್ಪ ಹಿಂದೆ ಬಂದು ನಿಂತ. ಅಣ್ಣ ಊರೂರಿನಲ್ಲಿ ಗಾಡಿ ನಿಲ್ಲಿಸಿ ತನ್ನನ್ನೇ ಕೇಳುತ್ತಿದ್ದ ಎಂದ. ಇದು ಯಾವುದರಂತೆ ಐತಿ ಹೇಳೋ, ರೇಣುಕಾಗ ತಿಳಿಯೋ ಹಂಗ ಹೇಳಬೇಕು, ಎಂದು. ಮೈಲುಗಟ್ಟಲೆ ಅದನ್ನೇ ಬಾಯಿಪಾಠ ಮಾಡಿಕೊಂಡು ಗಾಡಿ ಹೊಡೆಯುತ್ತಿದ್ದನಂತೆ.

"ಇಲ್ಲಿ ಮಾತ್ರ ಏನೂ ಸಿಗಲಿಲ್ರಿ ಅಕ್ಕ. ಹತ್ತಿ ಹಾಸಿದಂಗ ಅನ್ನು ಅಣ್ಣಾ ಅಂದೆ. ಅಲ್ಲಲೇ ಅಂದ. ಅಕಿನ್ನ ಕರಕೊಂಡ ಬರ್ತೀನಿ, ಇದನ್ನ ಅಕಿನ ಹೇಳ್ತಾಳ ಅಂದ."

ರೇಣುಕವ್ವನಿಗೆ ನಿಂತ ಕ್ಷಣದಲ್ಲೇ ಹೋಲಿಕೆ ಹೊಳೆದಿತ್ತು. ಗಂಡನನ್ನು ಮಣ್ಣು ಮಾಡಿ ಬಂದವರೆಲ್ಲ ಹೋದ ಮೇಲೆ, ಕಸ ಗುಡಿಸಿ, ನೆಲ ಒರೆಸಿ, ಬಾಗಿಲು ತೆರೆದಿಟ್ಟು ಅವಳು ಒಬ್ಬಳೇ ನಿಂತಿದ್ದಳು. ಆ ಮನೆ ಹೀಗೇ ಇತ್ತು. ಇಷ್ಟೇ ಸ್ವಚ್ಛ. ಇಷ್ಟೇ ದೊಡ್ಡದು. ಹಾಲೇಶಪ್ಪನಿಗೆ ಸಿಗದೇ ಇದ್ದದ್ದು ಸರಿ. ಆ ಮನೆಯನ್ನು ಅವನು ನೋಡಿರಲಿಲ್ಲ. ಅವನ ಜೊತೆ ಬಂದಿದ್ದರೆ ಅವಳಿಗೂ ಬೇರೆ ಏನೋ ಹೊಳೆಯುತ್ತಿತ್ತು.

ಬಗ್ಗಿ ಒಂದು ಹರಳು ಕಿತ್ತು ಸೆರಗಿಗೆ ಕಟ್ಟಿಕೊಂಡಳು.

ಊರಿಗೆ ಬಂದ ಮರುದಿನವೇ ಗೋದಾಮಿಗೆ ಹೋಗಿ ತನ್ನ ಜಾಗದಲ್ಲಿ ಕುಂತಳು. ಕತ್ತೆಗಳ ಸುದ್ದಿ ಹೇಳಿದಳು. ಅಕ್ಬರಬಿ ತಲೆ ತಗ್ಗಿಸಿ, ನಾ ಹಂಗ ಅನ್ನಬಾರದಿತ್ತು ಎಂದಳು. ಮತ್ತೆ ರಣ ಹೆಂಗೈತಿ ಎಂದು ಕೇಳಿದಳು. ರೇಣುಕವ್ವ ಬಾಯಿ ತೆರೆದಳು, ಮುಚ್ಚಿದಳು. ಅಕ್ಬರಬಿಯ ಗಂಡ ಹೊರಗೆ ತಕ್ಕಡಿಯ ಹತ್ತಿರ ಚೀಲ ಎತ್ತುತ್ತಿದ್ದ, ಅವನ ಕೆಮ್ಮು ಕೇಳುತ್ತಿತ್ತು. ಆ ಖಾಲಿ ಮನೆಯ ಹೋಲಿಕೆ ಅವಳಿಗೆ ಹೇಳುವ ಮಾತಲ್ಲ. ಸೆರಗಿನ ಗಂಟು ಬಿಚ್ಚಿ ಹರಳು ಮುಂದೆ ಚಾಚಿದಳು. "ಹಿಡಿ. ಇದ ರಣ."

ಅಕ್ಬರಬಿ ಕೈ ಹಿಂದಕ್ಕೆ ಎಳೆದುಕೊಂಡಳು. "ಕೈಯಾಗ ಉಪ್ಪ ಕೊಡಬ್ಯಾಡ. ನಮ್ಮಿಬ್ಬರಿಗೂ ಜಗಳ ಆಕ್ಕಾವ."

"ಆಗಲಿ" ಎಂದಳು ರೇಣುಕವ್ವ. "ಜಗಳಾಡಾಕರ ಯಾರರ ಬೇಕಲ್ಲ."

ಅಕ್ಬರಬಿ ಮೆಣಸಿನಕಾಯಿಯ ಕೈ ಸೀರೆಗೆ ಒರೆಸಿಕೊಂಡು, ಚಾಚಿದಳು.