ಮೇಲೆ ನಿಂತ ಹಡಗು

ಖೂಬಾ ಪ್ಲಾಟ್ ಬಡಾವಣೆಯ ವೆಂಕಟೇಶನದು ಕೂತಲ್ಲಿ ಕೂರಲಾಗದ ಸ್ವಭಾವ. ಬಸ್ಸಿಗೆ ಕಾಯುವಾಗಲೂ ಮೊಣಕಾಲು ಕುಣಿಯುತ್ತಿರುತ್ತದೆ. ಅವನು ಕಮಲಾಪುರದ ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಪೂಜೆ ಪೌರೋಹಿತ್ಯ ಬೇಡ, ನೌಕರಿಯೇ ಸಾಕು ಎಂದು ಅಪ್ಪನೊಡನೆ ಜಗಳಾಡಿ ಹಿಡಿದ ಕೆಲಸ. ದೀಪಾವಳಿ ರಜೆಗೆ ಮುಚ್ಚಿದ ಶಾಲೆ ಮತ್ತೆ ತೆರೆಯಲೇ ಇಲ್ಲ. ಅದನ್ನು ಹೆಂಡತಿ ಮಂಜುಷಾಗೆ ಹೇಳಿದ, ಅಪ್ಪನಿಗೆ ಹೇಳಲಿಲ್ಲ. ನಲವತ್ತು ದಾಟಿದ ಗಂಡಸು ಅಪ್ಪನಿಗೆ ಹೆದರುವುದೇ ಎಂದು ನಗಬೇಡಿ. ಆನಂದತೀರ್ಥಾಚಾರ್ಯರ ಎದುರು ಒಮ್ಮೆ ನಿಂತು ನೋಡಿ, ಆಮೇಲೆ ನಗುವಿರಂತೆ.

ಹಾಗಾಗಿ ದಿನಾ ಬ್ಯಾಗು ಹೆಗಲಿಗೇರಿಸಿ ಕಮಲಾಪುರದ ಬಸ್ಸು ಹತ್ತುವುದು ತಪ್ಪಲಿಲ್ಲ. ಅಲ್ಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ, ಕೆಂಪು ಬಾಳೆಹಣ್ಣು ಮಾರುವವರ ಪಕ್ಕ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ ಮೊಬೈಲಿನಲ್ಲಿ ಸಬ್‌ಮರೀನ್ ಆಟ ಆಡುತ್ತಿದ್ದ. ಶತ್ರುವಿನ ಯುದ್ಧನೌಕೆಗಳು ಮೇಲೆ ಹುಡುಕುತ್ತವೆ. ಕೆಳಗೆ ಇವನು ಮೋಟಾರು ಆರಿಸಿ ಸುಮ್ಮನಿರಬೇಕು. ಮೇಲಿನ ಎಂಜಿನ್ ಸದ್ದು ಸಣ್ಣಗಾಗಿ ನಿಂತಿತೆಂದರೆ, ಪೀಡೆ ತೊಲಗಿತು ಎಂದು ಚಡಪಡಿಸಿ ಮೋಟಾರು ಶುರು ಮಾಡುವನು. ಮರುಕ್ಷಣ ತಲೆಯ ಮೇಲೆ ಬಾಂಬು. ಹಡಗು ಹೋಗಿರುತ್ತಲೇ ಇರಲಿಲ್ಲ. ತಾನೂ ಎಂಜಿನ್ ಆರಿಸಿ, ಅಲ್ಲೇ ನಿಂತು, ಕೆಳಗಿನ ಸದ್ದಿಗೆ ಕಿವಿಗೊಟ್ಟಿರುತ್ತಿತ್ತು.

ಮನೆಯಲ್ಲಿ ಅವನ ಉಪಾಯ ಇನ್ನೊಂದು. ಆಚಾರ್ಯರು ಊಟಕ್ಕೆ ಕೂತು, ಮಂತ್ರ ಹೇಳಿ ಅಂಗೈಯ ನೀರು ಕುಡಿದು ಆಪೋಶನ ತೆಗೆದುಕೊಂಡರೆ ಕೈ ತೊಳೆಯುವವರೆಗೆ ಮಾತಿಲ್ಲ. ನಡುವೆ ಬಾಯಿ ಬಿಟ್ಟರೆ ಆ ಹೊತ್ತಿನ ಊಟ ಅಲ್ಲಿಗೇ ಮುಗಿಯಿತು. ಆ ನೇಮ ತಪ್ಪಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ವೆಂಕಟೇಶ ಸರಿಯಾಗಿ ಆಗಲೇ ಬಂದು ಪಕ್ಕದಲ್ಲಿ ಕೂತು, ಗಬಗಬ ನುಂಗಿ, ಅವರು ಏಳುವ ಮೊದಲೇ ಬೀದಿ ಸೇರುತ್ತಿದ್ದ. ಅಪ್ಪ ಏನೂ ಕೇಳುತ್ತಿಲ್ಲ, ಅಂದರೆ ಏನೂ ಗೊತ್ತಿಲ್ಲ ಎಂಬ ಧೈರ್ಯ. ಆದರೂ ತುತ್ತು ಸಲೀಸಾಗಿ ಇಳಿಯುತ್ತಿರಲಿಲ್ಲ.

ಮೊನ್ನೆ ಬೆಳಿಗ್ಗೆ ಉಂಡೆದ್ದು ಬ್ಯಾಗಿಗೆ ಕೈ ಹಾಕಿದ್ದ.

“ಎಲ್ಲಿಗೆ ಹೊಂಟೀಪಾ?”

ಕೇಳಿದವರು ಆಚಾರ್ಯರು. ತಟ್ಟೆಯಲ್ಲಿ ಅನ್ನ ಇನ್ನೂ ಅರ್ಧ ಉಳಿದಿತ್ತು. ಬಡಿಸಲು ಬಂದ ಮಂಜುಷಾ ಸೌಟು ಹಿಡಿದು ಹಾಗೇ ನಿಂತಳು.

“ಸಾಲಿಗೆ, ಅಪ್ಪಾ.”

“ಸಾಲಿ ಮುಚ್ಚ್ಯದ. ಹೋದ ವಾರ ನಿನ್ನ ಹಿಂದ ಕಮಲಾಪುರಕ್ಕ ಬಂದಿದ್ದೆ. ನಿನ್ನ ಹಿಂದಿನ ಬೆಂಚಿನ ಮ್ಯಾಲೆ ಸಂಜಿತನಕ ಕೂತಿದ್ದೆ. ನೀ ತಿರುಗಿ ನೋಡಲಿಲ್ಲ.”

ವೆಂಕಟೇಶನಿಗೆ ನಾಚಿಕೆ, ಸಿಟ್ಟು, ಅಳು ಎಲ್ಲ ಒಟ್ಟಿಗೇ ಬಂದವು. “ಆವಾಗ ಯಾಕ ಕರೀಲಿಲ್ಲ ನೀವು?”

“ನೀನಾಗೇ ಹೇಳ್ತಿ ಅಂತ ಕಾದೆ. ದಿನಾ ಬಾಜೂಕ ಕೂತು ಉಣ್ಣಾಕತ್ತಿದ್ದಿ. ನೀ ತುತ್ತು ನುಂಗೋ ಸಪ್ಪಳ ಕೇಳಿ ಕೇಳಿ, ನನಗೂ ಊಟ ಸೇರವಲ್ಲದು.”

ಆಚಾರ್ಯರು ತಟ್ಟೆ ಸರಿಸಿದರು. ಇನ್ನು ಆ ಹೊತ್ತಿಗೆ ಅವರಿಗೆ ಅನ್ನವಿಲ್ಲ.

“ಕೂಡು,” ಎಂದರು.

ವೆಂಕಟೇಶ ಬ್ಯಾಗನ್ನು ಗೋಡೆಗೆ ಆನಿಸಿ, ಆ ಅರ್ಧ ತಟ್ಟೆಯ ಎದುರು ಕೂತು, ಕಣ್ಣೊರೆಸಿಕೊಂಡು, “ಅಪ್ಪಾ, ದೀಪಾವಳಿ ಸೂಟಿ ಬಿಟ್ಟ ದಿನ...” ಎಂದು ಹೇಳತೊಡಗಿದ.